ಹಿನ್ನೀರು ಬಿಟ್ಟುಕೊಟ್ಟ ಹೊಸ್ತಿಲು

ಅಥವಾ ಅಜ್ಜಿಯ ಕೊಡ ಹಿತ್ತಾಳೆಯದ್ದೇ ಇರಬಹುದು. ತಾಮ್ರದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಕೇಳಿದವರೆಲ್ಲ ನಂಬಿದ್ದಾರೆ. ಮೊನ್ನೆ ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗ ಇದ್ದಕ್ಕಿದ್ದಂತೆ ಅನ್ನಿಸಿತು: ಆ ಕೆಂಪು ಬಣ್ಣ ಬಿಸಿಲಿನದ್ದಾಗಿದ್ದರೆ? ಇಳಿಬಿಸಿಲಿನಲ್ಲಿ ಹಿತ್ತಾಳೆಯೂ ತಾಮ್ರದಂತೆ ಕಾಣುತ್ತದೆ. ಆದರೆ ನನ್ನ ನೆನಪಿನಲ್ಲಿ ಅದು ಬೆಳಗಿನ ಹೊತ್ತು. ಬೆಳಗಿನ ಹೊತ್ತು ಅನ್ನುವುದಕ್ಕೆ ನನ್ನ ಬಳಿ ಆಧಾರವೇನು ಎಂದು ಕೇಳಬೇಡಿ. ನೆರಳು ಯಾವ ಕಡೆಗೆ ಬಿದ್ದಿತ್ತು ಎಂದು ಯೋಚಿಸುತ್ತ ಕೂತರೆ ನೀರು ಆರಿಹೋಗುತ್ತದೆ.

ಕೊಡದ ವಿಷಯ ಬಿಡಿ. ನಿಮಗೆ ಹೇಳಬೇಕಾದದ್ದು ಇಷ್ಟು. ನಮ್ಮ ಅಜ್ಜಿ ಒಮ್ಮೆ ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಇಲ್ಲದ ಊರಿನ ಇಲ್ಲದ ಓಣಿಯಲ್ಲಿ ನಡೆದು, ಇಲ್ಲದ ಮನೆಯೊಳಗೆ ಹೋದಳು. ನಾನು ಅದನ್ನು ನೋಡಿದೆ. ನಿನ್ನ ಬಾಲ್ಯದ ಒಂದೇ ಒಂದು ದಿನವನ್ನು ವಾಪಸು ಕೊಡುತ್ತೇವೆ, ಆರಿಸಿಕೋ ಎಂದು ಯಾರಾದರೂ ಅಂದರೆ ನಾನು ಕೇಳುವುದು ಆ ದಿನವನ್ನು. ಮಾವಿನಹಣ್ಣಿನ ದಿನಗಳು, ಹೊಸ ಅಂಗಿಯ ದಿನಗಳು, ಪರೀಕ್ಷೆ ಮುಂದಕ್ಕೆ ಹೋದ ದಿನ, ಎಲ್ಲವನ್ನೂ ಬಿಟ್ಟುಕೊಟ್ಟು ಆ ಒಂದನ್ನು ಕೇಳುತ್ತೇನೆ.

ತೊಂದರೆ ಒಂದೇ. ಆ ದಿನ ನಾನು ಅಲ್ಲಿ ಇರಲೇ ಇಲ್ಲ ಎನ್ನುತ್ತಾಳೆ ನನ್ನ ಅಕ್ಕ. ಅವಳ ಮಾತು ನಿಜವಾದರೆ, ಆ ದಿನ ವಾಪಸು ಸಿಕ್ಕರೂ ಅದರೊಳಗೆ ನಾನಿರುವುದಿಲ್ಲ.

ಇದೆಲ್ಲ ಮತ್ತೆ ಎದ್ದದ್ದು ನನ್ನ ಒಂದು ಚಟದಿಂದ. ಯಾವ ಬಾಗಿಲು ದಾಟುವಾಗಲೂ ನಾನು ತಲೆ ಬಗ್ಗಿಸುತ್ತೇನೆ. ನನ್ನ ಎತ್ತರ ಐದು ಅಡಿ ಎರಡು ಇಂಚು. ಕಿತ್ತೂರಿನಲ್ಲಿ ನಾವಿರುವ ಮನೆಯ ಬಾಗಿಲು ಏಳು ಅಡಿ. ಹೆಗಲ ಮೇಲೆ ಒಂದು ಮಗುವನ್ನು ಕೂರಿಸಿಕೊಂಡು ನಾನು ಆರಾಮಾಗಿ ಒಳಗೆ ಹೋಗಬಹುದು. ಆದರೂ ಬಗ್ಗುತ್ತೇನೆ. ಬ್ಯಾಂಕಿನಲ್ಲಿ, ಕಲ್ಯಾಣಮಂಟಪದಲ್ಲಿ, ಬಸ್ಸಿನಲ್ಲಿ ಬಗ್ಗುತ್ತೇನೆ. ಸಾಹೇಬರ ಕೋಣೆಗೆ ಹೋಗುವಾಗ ಬಗ್ಗಿದ್ದನ್ನು ವಿನಯ ಎಂದು ತಿಳಿದು ಒಬ್ಬರು ನನ್ನನ್ನು ಮೆಚ್ಚಿಕೊಂಡದ್ದೂ ಉಂಟು. ಕಳೆದ ವಾರ ತರಕಾರಿ ಚೀಲ ಹಿಡಿದು ಹೀಗೇ ಬಗ್ಗಿ ಒಳಗೆ ಬಂದೆ. ಹೆಂಡತಿ ಅಡುಗೆಮನೆಯಿಂದ ನೋಡಿ, "ಏನ್ರೀ, ತಲಿ ಮ್ಯಾಲೆ ಕಿರೀಟ ಇಟ್ಕೊಂಡ್ ಬಂದೀರೇನು? ತಡೀರಿ, ಚೌಕಟ್ಟು ಬಿಚ್ಚಸ್ತೇನಿ" ಅಂದಳು.

ನಕ್ಕೆ. ಆಮೇಲೆ ಯೋಚನೆಗೆ ಬಿದ್ದೆ. ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು ನಮ್ಮ ಮನೆತನದಲ್ಲಿ ಒಂದೇ ಇತ್ತು. ಅದಿದ್ದ ಮನೆ ನಾನು ಹುಟ್ಟುವ ಮೊದಲೇ ನೀರಿನೊಳಗೆ ಹೋಗಿತ್ತು.

ನಮ್ಮ ಹಳೆಯ ಊರು ಮಲಪ್ರಭೆಯ ದಂಡೆಯಲ್ಲಿತ್ತು. ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದ ಮೇಲೆ ನೀರು ಹಿಂದಕ್ಕೆ ಸರಿಯುತ್ತ ಸರಿಯುತ್ತ ಬಂದು ಊರನ್ನು ತೆಗೆದುಕೊಂಡಿತು. ದಿಬ್ಬದ ಮೇಲೆ ಹೊಸ ಊರು ಎದ್ದಿತು. ಅದರ ಹೆಸರು ಹಳೆಯದೇ ಆದರೂ ಜನ ಅದನ್ನು ಕರೆಯುವುದು ಪ್ಲಾಟು ಎಂದು. ಊರು ಬಿಡುವಾಗ ಬಾಗಿಲು, ತೊಲೆ, ಕಂಬ, ಗಂಟೆ, ತುಳಸಿಕಟ್ಟೆಯ ಕಲ್ಲು, ಹೀಗೆ ಕಿತ್ತುಕೊಳ್ಳಲು ಬಂದದ್ದನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಬಂದರಂತೆ. ಕಲ್ಲಿನ ಹೊಸ್ತಿಲುಗಳನ್ನು ಮಾತ್ರ ಭಾರವೆಂದು ಬಹಳ ಜನ ಅಲ್ಲಿಯೇ ಬಿಟ್ಟರು.

ನಮ್ಮ ಅಜ್ಜ ಊರಿನ ಪುರೋಹಿತ. ಊರು ಬಿಡುವುದಕ್ಕೆ ಒಂದು ಮುಹೂರ್ತ ತೆಗೆದುಕೊಡಿ ಎಂದು ಜನ ಅವನ ಬಳಿಗೆ ಬಂದರು. ಪಂಚಾಂಗದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತಗಳಿವೆ, ಮನೆಯನ್ನು ಕಾಯಮ್ಮಾಗಿ ಬಿಟ್ಟುಹೋಗುವುದಕ್ಕೆ ಇಲ್ಲ. ಅಂಥ ಮುಹೂರ್ತ ಯಾರಿಗೆ ಬೇಕಾದೀತು ಎಂದು ಪಂಚಾಂಗ ಮಾಡಿದವರು ಯೋಚಿಸಿರಲಿಕ್ಕಿಲ್ಲ. ಅಜ್ಜ ಎರಡು ದಿನ ಹಾಳೆ ತಿರುವಿ, ಕೊನೆಗೆ ಪ್ರಯಾಣದ ಮುಹೂರ್ತ ತೆಗೆದುಕೊಟ್ಟ. ಅವನಿಗೆ ಅದೊಂದು ಉಪಾಯ. ಅಜ್ಜಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಪ್ರಯಾಣ ಹೋದವರು ತಿರುಗಿ ಬರುತ್ತಾರೆ. ಅಲ್ಲಿಯವರೆಗೆ ಮನೆ ಅವರದ್ದೇ. ಅಂದ ಮೇಲೆ ಹೊಸ್ತಿಲನ್ನು ಹಾಳು ಸುರಿಯಲು ಬಿಡಬಾರದು.

ಹಾಗಾಗಿ ಪ್ರತಿ ಬೇಸಿಗೆಯಲ್ಲಿ ಹಿನ್ನೀರು ಇಳಿದು ಊರಿನ ಬುನಾದಿಗಳು ಕಾಣಿಸಿಕೊಂಡ ಕೂಡಲೇ ಅಜ್ಜಿ ಕೆಳಗಿಳಿದು ಹೋಗಿ, ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಹಾಕಿ ಬರುತ್ತಿದ್ದಳು. ಹೊರಡುವಾಗ ಅವಳು ಹೇಳುತ್ತಿದ್ದದ್ದು "ಮನೀಗ್ ಹೋಗಿ ಬರ್ತೇನಿ" ಎಂದು. ಹಾಗೆ ಹೇಳುತ್ತಿದ್ದದ್ದು ಮನೆಯೊಳಗೆ ನಿಂತುಕೊಂಡೇ. ಅಜ್ಜ ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಪಂಚಾಂಗದ ಮೇಲಿಂದ ಕಣ್ಣೆತ್ತದೆ, "ಹೂಂ, ಲಗೂ ಬಾ" ಅನ್ನುತ್ತಿದ್ದ.

ಅಪ್ಪ ಸುರೇಬಾನದಲ್ಲಿ ಸಾಲಿ ಮಾಸ್ತರ. ಬೇಸಿಗೆ ರಜೆ ಬಿದ್ದಾಗ ಅಲ್ಲಿಂದ ಸವದತ್ತಿಗೆ ಒಂದು ಬಸ್ಸು, ಸವದತ್ತಿಯಿಂದ ಇನ್ನೊಂದು ಬಸ್ಸು ಹಿಡಿದು ನಾವು ಅಜ್ಜಿಯ ಪ್ಲಾಟಿಗೆ ಬರುತ್ತಿದ್ದೆವು. ಎರಡನೆಯ ಬಸ್ಸಿನ ಕಿಟಕಿಯಿಂದ ಮೊದಲು ನೀರು ಕಂಡವರಿಗೆ ಒಂದು ಪೆಪ್ಪರಮಿಂಟು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ನೀರು ಕಾಣುವ ಮೊದಲೇ "ಕಂಡ್ತು" ಅನ್ನುತ್ತಿದ್ದಳು. ಸುಳ್ಳು ಹೇಳುವುದರಲ್ಲಿ ನಮ್ಮಿಬ್ಬರಲ್ಲಿ ಯಾರು ಮುಂದು ಎಂಬುದನ್ನು ಇದರ ಮೇಲಿಂದ ನೀವೇ ತೀರ್ಮಾನಿಸಬಹುದು.

ಬೇರೆ ಬೇಸಿಗೆಗಳಲ್ಲಿ ನಾನು ಅಜ್ಜಿಯ ಜೊತೆ ಕೆಳಗೆ ಇಳಿದದ್ದಕ್ಕೆ ಯಾರ ತಕರಾರೂ ಇಲ್ಲ. ಅದನ್ನು ಅಕ್ಕನೂ ಒಪ್ಪುತ್ತಾಳೆ. ಆದ್ದರಿಂದ ಆ ನೆಲದ ವಿಷಯ ನಾನು ಧೈರ್ಯವಾಗಿ ಹೇಳಬಲ್ಲೆ. ಮೊದಲು ಒಣ ಮಣ್ಣು, ಹಪ್ಪಳದ ಹಾಗೆ ಅಂಚು ಮೇಲಕ್ಕೆ ಮಡಚಿಕೊಂಡದ್ದು. ಕಾಲಿಟ್ಟರೆ ಚುರುಚುರು ಮುರಿಯುತ್ತಿತ್ತು. ಅದರಾಚೆ ಅಂಗೈಯಗಲದ ಬಿರುಕುಗಳು. ಬಿರುಕಿನೊಳಗೆ ಕೈ ಹಾಕಿದರೆ ಮೇಲೆ ಸುಡುವ ಬಿಸಿಲು, ಕೆಳಗೆ ಮಳೆಗಾಲದ ತಂಪು. ಸಿಂಪಿಯ ಚಿಪ್ಪುಗಳು ಎಲ್ಲೆಲ್ಲೂ ಬಾಯಿ ತೆರೆದು ಬಿದ್ದಿರುತ್ತಿದ್ದವು. ಮೀನಿನದ್ದೂ ಅಲ್ಲ, ಕೆಸರಿನದ್ದೂ ಅಲ್ಲ ಎನ್ನುವಂಥ ಒಂದು ವಾಸನೆ. ಎಷ್ಟೋ ದಿನ ಮುಚ್ಚಿಟ್ಟಿದ್ದ ಪೆಟ್ಟಿಗೆಯ ಬಾಯಿ ತೆರೆದ ಹಾಗೆ. ಮತ್ತೆ ಇದ್ದಕ್ಕಿದ್ದಂತೆ ಕಾಲಡಿಗೆ ರಸ್ತೆ! ಚಕ್ಕಡಿಯ ಗಾಲಿ ಸವೆಸಿದ ಎರಡು ಗೆರೆಗಳು ಕೆಸರಿನಲ್ಲಿ ಇನ್ನೂ ಹಾಗೆಯೇ ಊರ ಕಡೆಗೆ ಹೋಗುತ್ತಿದ್ದವು.

ಗೋಡೆಗಳು ಮಣ್ಣಿನವು, ಕರಗಿಹೋಗಿದ್ದವು. ಉಳಿದದ್ದು ಕಲ್ಲು ಮಾತ್ರ. ಒಮ್ಮೆ ಯಾರದೋ ಅಡುಗೆಮನೆಯ ರುಬ್ಬುವ ಒಳಕಲ್ಲು ಕಂಡಿತು. ಅದರ ಕುಳಿಯಲ್ಲಿ ಒಂದು ಬೊಗಸೆ ನೀರು, ಆ ನೀರಿನಲ್ಲಿ ಬೆರಳುದ್ದದ ಒಂದು ಮೀನು, ಗುಂಡಗೆ ಸುತ್ತು ಹೊಡೆಯುತ್ತಿತ್ತು. ನಾನು ಮೊಣಕಾಲೂರಿ ಎಷ್ಟು ಹೊತ್ತು ನೋಡಿದೆನೋ. "ಅಜ್ಜೀ, ನಮ್ಮ ದೇವರ ಮನ್ಯಾಗೂ ಮೀನ ಬರ್ತಾವೇನು?" ಎಂದು ಕೇಳಿದೆ. ಈರುಳ್ಳಿಯನ್ನೂ ಒಳಗೆ ಬಿಡದ ಮನೆ ಅದು. ಅಜ್ಜಿ, "ಮತ್ಸ್ಯಾವತಾರ ಅಂತ ತಿಳ್ಕೋ" ಅಂದಳು.

ಎಲ್ಲಕ್ಕಿಂತ ಹೆಚ್ಚಿನದು ಬಾವಿ. ಊರಿನ ಸಿಹಿನೀರಿನ ಬಾವಿಯ ಕಲ್ಲಿನ ಬಾಯಿ ಹಾಗೇ ಇತ್ತು. ಸುತ್ತ ರಾಡಿ, ದೂರದಲ್ಲಿ ಹಿನ್ನೀರು ಚಹದ ಬಣ್ಣಕ್ಕೆ ತಿರುಗಿ ಮಲಗಿದೆ. ಬಾವಿಯೊಳಗಿನ ನೀರು ಮಾತ್ರ ತಿಳಿ, ತಳದ ಹರಳು ಕಾಣುವಷ್ಟು ತಿಳಿ. ವರ್ಷದ ಎಂಟು ತಿಂಗಳು ಆಳೆತ್ತರ ನೀರಿನ ಅಡಿಯಲ್ಲಿ ಮುಳುಗಿದ್ದು, ಹೊರಗೆ ಬಂದ ಕೂಡಲೇ ಈ ಬಾವಿ ತನ್ನ ನೀರನ್ನು ತಾನು ಬೇರೆ ಮಾಡಿಕೊಂಡದ್ದು ಹೇಗೆ? ಇವತ್ತಿಗೂ ನನಗೆ ಬಗೆಹರಿದಿಲ್ಲ. ಆ ಬಾವಿಯ ಒಂದು ಬದಿಯಲ್ಲಿ ನಮ್ಮವರು ಸೇದುತ್ತಿದ್ದರಂತೆ, ಇನ್ನೊಂದು ಬದಿಯಲ್ಲಿ ಒಕ್ಕಲಿನವರು. ಯಾವ ಬದಿಯೂ ಇಲ್ಲದವರೂ ಊರಿನಲ್ಲಿದ್ದರು. ಹಿನ್ನೀರು ಬಂದಾಗ ಮಾತ್ರ ಎಲ್ಲರ ಮನೆಗೂ ಒಂದೇ ನೀರು ಬಂತು.

ಇನ್ನು ಹೊಸ್ತಿಲು. ಬಾವಿಯಿಂದ ಸ್ವಲ್ಪ ದೂರದಲ್ಲಿ ಒಂದು ಉದ್ದನೆಯ ಕಪ್ಪು ಕಲ್ಲು, ಒಂದು ಮೂಲೆ ಒಡೆದದ್ದು. ಅಜ್ಜಿ ಮೊದಲ ವರ್ಷವೇ ಅದನ್ನು ಗುರುತು ಹಿಡಿದಿದ್ದಳು. ಒಂದು ವಿಚಿತ್ರವೆಂದರೆ, ಕೆಲವು ವರ್ಷಗಳಿಂದ ಅವಳು ಹೋಗುವ ಹೊತ್ತಿಗೆ ಆ ಕಲ್ಲಿನ ಮೇಲೆ ವಿಭೂತಿಯ ಮೂರು ಗೆರೆ ಇರುತ್ತಿದ್ದವು. ವೈಷ್ಣವರ ಮನೆಯ ಹೊಸ್ತಿಲಿಗೆ ವಿಭೂತಿ! ಅಜ್ಜಿ ಪ್ರತಿ ಸಲ ಅದನ್ನು ತೊಳೆದು, ಶಂಖ ಚಕ್ರದ ರಂಗೋಲಿ ಹಾಕಿ ಬರುತ್ತಿದ್ದಳು. ಮನೆಗೆ ಬಂದು ಅಜ್ಜನಿಗೆ ಹೇಳಿದರೆ ಅವನು, "ಶಿವ ಬಂದು ಹೋಗ್ಯಾನ ಬಿಡು, ಅವಂಗೂ ಮನಿ ಮುಳುಗ್ಯದ" ಅನ್ನುತ್ತಿದ್ದ.

ಆ ವರ್ಷ, ಅಂದರೆ ತಕರಾರಿನ ವರ್ಷ, ಶಿವ ಸಿಕ್ಕಿಬಿದ್ದ. ನಾವು ಹೋಗುವ ಹೊತ್ತಿಗೆ ಒಬ್ಬ ಮುದುಕಿ ಆ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ವಿಭೂತಿ ಹಚ್ಚುತ್ತಿದ್ದಳು. ಹಳೆಯ ಊರಿನಲ್ಲಿ ನಮ್ಮ ಓಣಿಯವಳೇ ಆದ ಗಂಗವ್ವ, ಒಕ್ಕಲಿನ ಮನೆಯವಳು. ಪ್ಲಾಟಿನಲ್ಲಿ ಅವರಿಗೆ ಆ ತುದಿ ಬಂದಿತ್ತು, ನಮಗೆ ಈ ತುದಿ. ಒಬ್ಬರ ಮುಖ ಒಬ್ಬರು ನೋಡಿ ಬಹಳ ವರ್ಷಗಳಾಗಿದ್ದವು.

"ಏ ಗಂಗವ್ವಾ! ನಮ್ಮನಿ ಹೊಸ್ತಿಲಾ ಯಾಕ ತಿಕ್ಕಲಿಕ್ಕೆ ಹತ್ತೀ?" ಎಂದಳು ಅಜ್ಜಿ.

ಗಂಗವ್ವ ತಿರುಗಿ ನೋಡಿದಳು. ಒಕ್ಕಲಿನವರಿಗೆ ನಮ್ಮ ಮನೆಯ ಹೆಂಗಸರೆಲ್ಲ ಬಾಯಾರು. "ಅಯ್ಯ, ಬಾಯಾರ! ವರ್ಷಾ ರಂಗೋಲಿ ಹಾಕಿ ಹೋಗಾವ್ರು ನೀವೇನ್ರೀ? ನಾ ಯಾವದೋ ದೇವತಿ ಬಂದು ಹಾಕಿ ಹೋಗತೈತಿ ಅಂತ ಕೈ ಮುಗದು ಮುಗದು ಅಳಿಸೇನ್ರಿ."

"ಕೈ ಮುಗದದ್ದು ಖರೆ, ಅಳಿಸಿದ್ಯಾಕ?"

"ಹೊಸ್ತಿಲಾ ನಮ್ದು ಐತೆಲ್ರೀ!"

"ನಿಮ್ದು ಹ್ಯಾಂಗ ಆಗ್ತದ? ಈ ಮೂಲಿ ನೋಡು, ಒಡದದ. ನಾ ಮದಿವ್ಯಾಗಿ ಬಂದ ದಿನ ಅಕ್ಕಿ ಸೇರು ಒದ್ದೆನಲ್ಲ, ಅದು ಬಡದು ಒಡದದ್ದು."

"ಸೇರು ಒದ್ರ ಕಲ್ಲ ಒಡೀತೈತೇನ್ರೀ ಬಾಯಾರ? ನೀವೇನ ಮದುಮಗಳೋ, ಪೈಲವಾನರೋ? ಅದು ನಮ್ಮ ಎತ್ತು ಒದ್ದು ಒಡದದ್ದು."

ಹೀಗೆ ಸಾಗಿತು. ಸುತ್ತ ಮೈಲುಗಟ್ಟಲೆ ಒಣಗಿದ ಕೆಸರು, ನಡುವೆ ಒಂದು ಕಲ್ಲು, ಅದರ ಎರಡೂ ಬದಿಗೆ ಇಬ್ಬರು ಮುದುಕಿಯರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ಅವರ ಧ್ವನಿ ಮೊದಲು ಏರಿತು, ಆಮೇಲೆ ಇಳಿಯಿತು. ಅಜ್ಜಿಯ ಮುಖ ಸಣ್ಣದಾಯಿತು. ಇಷ್ಟು ವರ್ಷ ತಾನು ಬಂದದ್ದು ಮನೆಗೇ ಹೌದೋ ಅಲ್ಲವೋ ಎಂಬ ಸಂಶಯ ಅವಳಿಗೆ ಮೊದಲ ಸಲ ಬಂದದ್ದು ಆಗ ಎಂದು ನಾನು ಎಣಿಸುತ್ತೇನೆ.

ಕೊನೆಗೆ ಗಂಗವ್ವನೇ ದಾರಿ ತೋರಿಸಿದಳು. "ಬಾಯಾರ, ಕಣ್ಣಿಗೆ ಎಲ್ಲಾ ಕಲ್ಲೂ ಒಂದ ಕಾಣ್ತಾವು. ಬಾವಿಗೆ ಹೋಗ್ರಿ. ಕೊಡಾ ತುಂಬ್ಕೋರಿ. ಕಣ್ಣ ಮುಚ್ಚಿ ಮನಿಗೆ ನಡೀರಿ. ದಿನಾ ನಾಕ ಸರ್ತಿ ಹೊತ್ತ ಕಾಲು ಅವು, ಅವಕ್ಕ ಗೊತ್ತಿರತೈತಿ. ನೀವ ಆದ್ಮ್ಯಾಲೆ ನಾ ನಡೀತೇನಿ."

ಅಜ್ಜಿ ಪೂಜೆಗೆಂದು ತಂದ ಕೊಡವನ್ನು ಬಾವಿಯಲ್ಲಿ ಬಗ್ಗಿ ತುಂಬಿಕೊಂಡಳು. ಸೊಂಟಕ್ಕೇರಿಸಿ, ಕಣ್ಣು ಮುಚ್ಚಿ, ಒಂದು ಗಳಿಗೆ ನಿಂತಳು. ಹೊರಟಳು.

ಮೊದಮೊದಲು ಅವಳ ನಡಿಗೆ ಅನುಮಾನದ್ದು. ಏಳೆಂಟು ಹೆಜ್ಜೆಯಾದ ಮೇಲೆ ಹೆಗಲು ಸಡಿಲಾಯಿತು, ಕಾಲಿಗೆ ವೇಗ ಬಂತು. ಬಯಲಿನಲ್ಲಿ ಒಮ್ಮೆಲೇ ಬಲಕ್ಕೆ ತಿರುಗಿದಳು, ಅಲ್ಲೊಂದು ಮೂಲೆಮನೆ ಇರುವ ಹಾಗೆ. ಮುಂದೆ ಓರೆಯಾಗಿ, ಮೈ ಹಿಂಡಿಕೊಂಡು ನಡೆದಳು. ಅದು ಎರಡು ಗೋಡೆಗಳ ನಡುವಿನ ಸಂದಿ ಇರಬೇಕು. ಕೈ ಎತ್ತಿ ಮುಖದ ಮುಂದಿನ ಏನನ್ನೋ ಸರಿಸಿದಳು, ಒಣಗಲು ಹಾಕಿದ ಸೀರೆಯ ಸೆರಗಿನಂಥದ್ದನ್ನು. ಒಂದು ಕಡೆ ಬಂದಾಗ ಅವಳ ಬಲಗೈ ತಾನಾಗಿಯೇ ಹಿಂದಕ್ಕೆ ಹೋಗಿ ತನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ನಾಲ್ಕು ಹೆಜ್ಜೆಯಾದ ಮೇಲೆ ಬಿಟ್ಟಿತು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಅಲ್ಲಿ ಕಟ್ಟೆಯ ಮೇಲೆ ಅವಳ ಮಾವನವರು ಕೂರುತ್ತಿದ್ದರೆಂದು ದೊಡ್ಡವನಾದ ಮೇಲೆ ಊಹೆ ಮಾಡಿಕೊಂಡೆ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಸತ್ತ ಮುದುಕ, ಅವಳು ದಾಟಿಹೋಗುವ ತನಕ ಆ ಬಿಸಿಲಿನಲ್ಲಿ ಕೂತಿದ್ದ.

ಗೋಡೆಯಿಲ್ಲ, ಮಾಳಿಗೆಯಿಲ್ಲ, ಬಾಗಿಲಿಲ್ಲ. ಆದರೆ ಆ ಐವತ್ತು ಅರವತ್ತು ಹೆಜ್ಜೆಗಳಲ್ಲಿ ಓಣಿ ಎದ್ದು ನಿಂತಿತು. ಎಲ್ಲಿ ಇಕ್ಕಟ್ಟು, ಎಲ್ಲಿ ನೆರಳು, ಎಲ್ಲಿ ಗಟಾರ ದಾಟಬೇಕು, ಎಲ್ಲವೂ ಅವಳ ಮೈಯಲ್ಲಿತ್ತು. ಅವಳು ನಡೆದಲ್ಲೆಲ್ಲ ಗಾಳಿಗೆ ಅಂಚು ಬಂತು. ಊರು ಮುಳುಗಿದೆ ಎಂದು ದೊಡ್ಡವರು ಹೇಳಿದ್ದು ಸುಳ್ಳು ಎಂದು ನನಗೆ ಆಗ ಅನ್ನಿಸಿತು. ನೀರು ತೆಗೆದುಕೊಂಡದ್ದು ಬರೀ ಮಣ್ಣನ್ನು.

ಒಡೆದ ಮೂಲೆಯ ಕಲ್ಲು ಅವಳ ಎಡಕ್ಕೆ ಉಳಿಯಿತು. ಅವಳು ಅದನ್ನು ದಾಟಿ ಮುಂದೆ ಹೋದಳು. ಬರೀ ಬಿರುಕು ಬಿಟ್ಟ ಕೆಸರಿರುವ ಒಂದು ಜಾಗದಲ್ಲಿ ಕೊಡವನ್ನು ಬಿಗಿಹಿಡಿದು, ತಲೆ ಬಗ್ಗಿಸಿ, ಸೀರೆ ತುಸು ಎತ್ತಿ, ಕಾಲು ಎತ್ತರಿಸಿ ಇಟ್ಟು ಒಳಗೆ ಹೋದಳು. ಒಳಗೆ, ಅಂದರೆ ಅದೇ ಬಿಸಿಲಿಗೆ. ಎರಡು ಹೆಜ್ಜೆ ಇಟ್ಟು, ಎಡಕ್ಕೆ ತಿರುಗಿ, ಕೊಡವನ್ನು ಸೊಂಟದಿಂದ ಇಳಿಸಿ ಬಚ್ಚಲ ಕಟ್ಟೆಯ ಮೇಲೆ ಇಟ್ಟಳು.

ಕಟ್ಟೆ ಇರಲಿಲ್ಲ. ಕೊಡ ದೊಪ್ಪನೆ ಬಿದ್ದು ಉರುಳಿತು. ನೀರನ್ನು ಬಿರುಕುಗಳು ಒಂದೇ ಗುಟುಕಿಗೆ ಕುಡಿದವು. ಅಜ್ಜಿ ಕಣ್ಣು ತೆರೆದು, ಬರಿದಾದ ಎರಡೂ ಕೈಗಳನ್ನು ನೋಡಿಕೊಂಡಳು.

ಆಮೇಲೆ ಗಂಗವ್ವ ನಡೆದಳು. ಅವಳ ತಲೆಯ ಮೇಲೆ ಕೊಡವಿರಲಿಲ್ಲ, ಆದರೂ ಎಡಗೈ ಎತ್ತಿ ಅದನ್ನು ಹಿಡಿದುಕೊಂಡಿದ್ದಳು. ನಡುದಾರಿಯಲ್ಲಿ ಎಂದೋ ಸತ್ತುಹೋದ ಒಂದು ನಾಯಿಗೆ "ಹಚ್ಚಾ!" ಎಂದು ಗದರಿಸಿದಳು. ಅವಳೂ ಕಲ್ಲಿನ ಬಳಿ ಬರಲಿಲ್ಲ. ಆ ಕಡೆ ಎಲ್ಲೋ ಹೋಗಿ ನಿಂತು, ಕಣ್ಣು ಬಿಟ್ಟು, ಸುತ್ತ ನೋಡಿದಳು.

ಇಬ್ಬರೂ ತಿರುಗಿ ಬಂದು ಕಲ್ಲಿನ ಎರಡು ತುದಿಗೆ ಕೂತರು. ತುಸು ಹೊತ್ತಿನ ಮೇಲೆ ಅಜ್ಜಿ, "ಇಷ್ಟು ವರ್ಷ ಯಾರದೋ ಮನಿ ಕಾಯ್ದೆವಲ್ಲಾ ಗಂಗವ್ವಾ" ಅಂದಳು.

"ಕಾದ್ರ ಏನಾತ್ರಿ" ಎಂದಳು ಗಂಗವ್ವ. "ಅವ್ರೂ ಎಲ್ಲೆರೆ ಕುಂತು ನಮ್ದು ಕಾಯಾಕತ್ತಿರಬೇಕು."

ಅಜ್ಜಿ ನಕ್ಕಳು. ಅವಳು ಆ ದಿನ ಹಾಗೆ ನಕ್ಕದ್ದು ನನಗೆ ಈಗಲೂ ಕೇಳಿಸುತ್ತದೆ ಎಂದು ಬರೆಯಬೇಕು ಅನ್ನಿಸುತ್ತದೆ. ಆದರೆ ಅವಳು ನಕ್ಕದ್ದು ನೂರಾರು ಸಲ ಕೇಳಿದ್ದೇನೆ. ಅದರಲ್ಲಿ ಯಾವುದನ್ನು ತಂದು ಇಲ್ಲಿ ಅಂಟಿಸಿದ್ದೇನೋ ಹೇಗೆ ಹೇಳಲಿ?

ಆ ಕಲ್ಲು ಯಾರದ್ದು ಎಂದು ಯಾರಿಗೂ ತಿಳಿಯಲಿಲ್ಲ. ಈಗ ಯೋಚಿಸಿದರೆ, ಅವರ ಪರೀಕ್ಷೆಯಲ್ಲೇ ಒಂದು ಕೊರತೆ ಇತ್ತು. ಬಾವಿಯಿಂದ ಹೊರಟ ಕಾಲುಗಳು ಬಾವಿಗೆ ಬರುತ್ತಿದ್ದವರ ಮನೆಗಳನ್ನಷ್ಟೇ ಹುಡುಕಬಲ್ಲವು. ಆ ಬಾವಿಗೆ ಎಂದೂ ಬಾರದವರ ಹೊಸ್ತಿಲು ಅದಾಗಿದ್ದರೆ, ಅದನ್ನು ಹುಡುಕುವ ದಾರಿ ಬೇರೆ ಎಲ್ಲಿಂದಲೋ ಹೊರಡಬೇಕಿತ್ತು. ಅಜ್ಜಿಯ ಮುಂದೆ ಇದನ್ನು ಹೇಳಿದ್ದರೆ ಅವಳು ಏನನ್ನುತ್ತಿದ್ದಳೋ ಗೊತ್ತಿಲ್ಲ. ಮುಂದಿನ ವರ್ಷವೂ ಅವಳು ಹೋಗಿ ಅದೇ ಕಲ್ಲಿಗೆ ರಂಗೋಲಿ ಹಾಕಿ ಬಂದಳು.

ನನ್ನ ಕೆಲಸ ಭೂಮಾಪನ. ಮೂವತ್ತು ವರ್ಷದಿಂದ ಊರವರ ಹೊಲದ ಗಡಿ ಅಳೆದು ಕಲ್ಲು ನೆಡಿಸುತ್ತ ಬಂದಿದ್ದೇನೆ. ಇಂಥವನಿಗೆ ತನ್ನ ಮನೆ ಹುಡುಕುವುದು ಕಷ್ಟವೇ ಎಂದು, ಮಡದಿ ಕಿರೀಟದ ಮಾತಾಡಿದ ಮಾರನೆಯ ದಿನ ಹಳೆಯ ಗ್ರಾಮನಕ್ಷೆಯ ಪ್ರತಿ ಹಿಡಿದುಕೊಂಡು ಹೊರಟೆ. ನಕ್ಷೆಯಲ್ಲಿ ಪ್ರತಿ ಹೊಲಕ್ಕೂ ನಂಬರಿತ್ತು, ಹಳ್ಳಕ್ಕೆ ಗೆರೆಯಿತ್ತು, ದಾರಿಗೆ ಚುಕ್ಕಿಗಳಿದ್ದವು. ಮನೆಗಳಿದ್ದ ಜಾಗ ಮಾತ್ರ, ನಮ್ಮ ಇಲಾಖೆಯ ಮಾತಿನಲ್ಲಿ ಗಾವಠಾಣ, ಒಂದೇ ಒಂದು ಖಾಲಿ ತುಂಡು. ಒಳಗೆ ಒಂದು ಗೆರೆಯೂ ಇಲ್ಲ. ಬೆಳೆ ಬರುವ ನೆಲವನ್ನು ಅಳೆದವರು, ಜನ ಮಲಗುವ ನೆಲವನ್ನು ಹಾಗೆಯೇ ಬಿಟ್ಟಿದ್ದರು.

ನೀರು ಈ ಸಲ ಅಷ್ಟೇನೂ ಇಳಿದಿರಲಿಲ್ಲ. ಬಾವಿ ಕಾಣಲಿಲ್ಲ. ಅಂಚಿನಲ್ಲಿ ಒಬ್ಬಾತ ಸೌತೆಕಾಯಿ ಬೆಳೆದಿದ್ದ; ಒಂದು ಉದ್ದನೆಯ ಕಲ್ಲಿನ ಮೇಲೆ ಡೀಸೆಲ್ ಪಂಪು ಕೂರಿಸಿ ನೀರು ಹಾಯಿಸುತ್ತಿದ್ದ. ನನ್ನ ಕೈಯಲ್ಲಿನ ನಕ್ಷೆ ನೋಡಿ, "ಯಾರ ಮನಿ ಹುಡುಕಾಕತ್ತೀರಿ ಸರ?" ಅಂದ.

"ನಮ್ಮದೇ. ಈ ಕಲ್ಲು..."

"ನಿಮ್ದರೀ? ಬರ್ರಿ, ಕುಂಡ್ರಿ. ಈ ಕಲ್ಲಿಗೆ ಹತ್ತ ಮಂದಿ ಮಾಲಕ್ರು ಬಂದು ಹೋಗ್ಯಾರ. ಒಬ್ಬರೂ ಒಯ್ಯವಲ್ರು."

ಎರಡು ಸೌತೆಕಾಯಿ ಕೊಟ್ಟ. ಕಲ್ಲಿನ ಮೂಲೆ ಒಡೆದಿತ್ತೋ ಇಲ್ಲವೋ, ಪಂಪಿನ ಎಣ್ಣೆ ಹರಿದು ಕಾಣಲಿಲ್ಲ. ಅಲ್ಲಿಂದ ಹೊರಟವನು ಕಿತ್ತೂರಿಗೆ ಹೋಗದೆ ಬೈಲಹೊಂಗಲದ ಬಸ್ಸು ಹತ್ತಿದೆ. ಅಕ್ಕನ ಮನೆ ಇರುವುದು ಅಲ್ಲಿ.

ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ವಿಷಯಕ್ಕೆ ಬಂದೆ. ಅವಳೂ ಕಾಯುತ್ತಿದ್ದವಳಂತೆ ಶುರುಮಾಡಿದಳು.

"ನೀ ಇರ್ಲೇ ಇಲ್ಲೋ ತಮ್ಮಾ. ಎಷ್ಟ ಸಲ ಹೇಳ್ಬೇಕು? ಆ ವರ್ಷ ನಿಂಗ ಮೈತುಂಬ ಅಮ್ಮ ಎದ್ದಿದ್ಲು. ಸುರೇಬಾನದಾಗ ಬೇವಿನ ತಪ್ಪಲದ ಮ್ಯಾಲೆ ಮಲಗಿದ್ದಿ, ಅವ್ವ ನಿನ್ನ ಕಡೆ ಇದ್ಲು. ಅಪ್ಪನ ಜೋಡಿ ಬಂದಾಕಿ ನಾ ಒಬ್ಬಾಕೀನೇ. ತಿರುಗಿ ಬಂದು ನಿಂಗ ಎಲ್ಲಾ ಹೇಳಿದ್ದು ನಾ."

"ಹೇಳಿದ್ದನ್ನ ಇಷ್ಟು ಸ್ವಚ್ಛ ನೋಡ್ಲಿಕ್ಕೆ ಬರ್ತದೇನಕ್ಕಾ?"

"ನಿಂಗ ಬರ್ತದ. ನನ್ನ ತೊಟ್ಟಲದಾಗ ಹಾಕಿದ ದಿನದ ಊಟಾ ಹ್ಯಾಂಗಿತ್ತಂತ ವರ್ಣನಾ ಮಾಡಾಂವ ನೀ. ನೀ ಹುಟ್ಟೇ ಇರ್ಲಿಲ್ಲ."

ಅಮ್ಮ ಎದ್ದದ್ದು, ಮೈಯೆಲ್ಲ ಬೊಕ್ಕೆ ಬಂದದ್ದು ನಿಜ. ಹುಬ್ಬಿನ ಮೇಲೆ ಒಂದು ಕುಳಿ ಇದೆ. ಅದು ಯಾವ ವರ್ಷದ್ದೆಂದು ಕುಳಿಯ ಮೇಲೆ ಬರೆದಿಲ್ಲ. ಅಪ್ಪ ಅವತ್ತು ದಂಡೆಯ ಮೇಲೆಯೇ ಕೂತು ಪೇಪರು ಓದುತ್ತಿದ್ದನಂತೆ, ಕೆಳಗೆ ಇಳಿಯಲಿಲ್ಲ. ಈಗ ಬದುಕಿದ್ದಿದ್ದರೆ ಅವನನ್ನು ಕೇಳಬಹುದಿತ್ತು. ಅವ್ವ ಇಲ್ಲ, ಅಜ್ಜಿ ಇಲ್ಲ, ಗಂಗವ್ವ ಇಲ್ಲ. ಉಳಿದವರು ನಾವಿಬ್ಬರೇ, ನಡುವೆ ಹುಣಸೆಹಣ್ಣಿನ ರಾಶಿ.

"ಹಂಗಾದ್ರ ನೀ ನೋಡಿದ್ದು ಹೇಳು" ಎಂದೆ.

ಅವಳು ಹೇಳಿದಳು. ಅಜ್ಜಿಯ ಬಳೆಗಳು ಕೊಡಕ್ಕೆ ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಒಣಮಣ್ಣು ಅವಳ ಕಾಲಡಿ ಚುರುಚುರು ಅನ್ನುತ್ತ ದೂರವಾಯಿತು. ಕೊಡ ದೊಪ್ಪನೆ ಬಿತ್ತು. ಗಂಗವ್ವ "ಹಚ್ಚಾ" ಅಂದಳು. ಆ ಮಾತಿಗೆ ಎಲ್ಲೋ ಟಿಟ್ಟಿಭ ಹಕ್ಕಿ ಕೂಗಿ ಹಾರಿತು. ನಾನು ಕೇಳುತ್ತ ಹೋದೆ. ಏನೋ ಸರಿ ಇಲ್ಲ ಅನ್ನಿಸಿತು, ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಹೇಳಿದ್ದರಲ್ಲಿ ನೋಡಿದ್ದು ಒಂದೂ ಇರಲಿಲ್ಲ. ಎಲ್ಲವೂ ಕೇಳಿದ್ದು.

"ಅಕ್ಕಾ, ಬಾವಿಯಿಂದ ಹೊಂಟು ಅಜ್ಜಿ ಎತ್ತಾಗ ಹೊಳ್ಳಿದ್ಲು? ಎಡಕ್ಕೋ ಬಲಕ್ಕೋ?"

ಅವಳ ಕೈಯಲ್ಲಿನ ಕಲ್ಲು ನಿಂತಿತು. "ಅದು... ನಾ ಕಣ್ಣ ಮುಚ್ಕೊಂಡಿದ್ದೆ."

"ಯಾಕ?"

"ಅಜ್ಜಿ ಹೇಳಿದ್ಲಲ್ಲ, ನೀವೂ ಮುಚ್ಕೋರಿ, ಯಾರರೆ ನೋಡಿದ್ರ ನನ್ನ ಕಾಲು ನಾಚ್ತಾವ ಅಂತ. ಆಕಿ ಕಣ್ಣ ಬಿಡೋ ತನಕ ನಾ ಬಿಟ್ಟಿಲ್ಲ. ಗಂಗವ್ವ ನಡಿಯೋ ಮುಂದೂ ಬಿಟ್ಟಿಲ್ಲ."

ಅಜ್ಜಿ ಹಾಗೆ ಹೇಳಿದ್ದು ನನಗೆ ಗೊತ್ತೇ ಇಲ್ಲ. ಮೆಲ್ಲಗೆ ಕೇಳಿದೆ: "ಮತ್ತ ಸೆರಗು? ನಡುದಾರಿಯೊಳಗ ತಲಿ ಮ್ಯಾಲೆ ಎಳಕೊಂಡ್ಲಲ್ಲ, ಅದನ್ನ ನಂಗ ಹೇಳಿದ್ದು ನೀನಽ ಹೌದಲ್ಲ?"

"ಯಾವ ಸೆರಗು?" ಎಂದಳು ಅಕ್ಕ.

ಅವಳು ಇನ್ನೊಂದು ಹಣ್ಣು ಜಜ್ಜಿ ಬೀಜ ತೆಗೆದಳು. ಆಮೇಲೆ ಅವಳೇ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಕಣ್ಣ ಮುಚ್ಕೊಂಡು ನಿಂತಾಗ ನಂಗ ಅಂಜಿಕಿ ಬಂದಿತ್ತೋ. ಬಾಜೂಕ ಯಾರೋ ಇದ್ರು, ಗಟ್ಟ್ಯಾಗಿ ಕೈ ಹಿಡ್ಕೊಂಡಿದ್ದೆ. ಸಣ್ಣ ಕೈ. ಕೆಸರ ಒಣಗಿ ಕರಕರ ಅಂತಿತ್ತು" ಅಂದಳು.

"ನನ್ನ ಕೈ!"

"ಇರಬಹುದು. ಗಂಗವ್ವನ ಜೋಡಿ ಆಕಿ ಮೊಮ್ಮಗಳು ಬಂದಿದ್ಲು, ನಿನ್ನ ವಾರಗಿ ಹುಡುಗಿ. ಆಕಿದೂ ಇರಬಹುದು."

ಅಂದವಳು, ಹುಣಸೆಹಣ್ಣಿನ ಅಂಟು ಕೈಯಿಂದಲೇ ನನ್ನ ಕೈ ಎಳೆದುಕೊಂಡು, ಕಣ್ಣು ಮುಚ್ಚಿ, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಅಷ್ಟು ಹೊತ್ತು ಅವಳು ಯಾರ ಕೈಯನ್ನೂ ಹಿಡಿದದ್ದು ನಾನು ಕಂಡಿಲ್ಲ. ಕೊನೆಗೆ ಕೈ ಬಿಟ್ಟು, "ಹ್ಯಾಂಗ ಗೊತ್ತಾಗಬೇಕೋ? ದೊಡ್ಡದಾಗಿಬಿಟ್ಟದ" ಎಂದು ಮತ್ತೆ ಹಣ್ಣು ಜಜ್ಜಲು ಹತ್ತಿದಳು.

ಗಂಗವ್ವನ ಮೊಮ್ಮಗಳು ನನ್ನ ನೆನಪಿನಲ್ಲಿ ಎಲ್ಲಿಯೂ ಇಲ್ಲ. ಆಕೆಯ ಹೆಸರು ಅಕ್ಕನಿಗೂ ತಿಳಿಯದು. ಅಜ್ಜಿಯ ಸೆರಗು ತಲೆಗೇರಿದ್ದನ್ನು ಯಾರೋ ಒಬ್ಬರು ಕಣ್ಣು ತೆರೆದು ನೋಡಿರಬೇಕು, ಅಥವಾ ಯಾರೂ ನೋಡದೆ ನಾನೇ ಆಮೇಲೆ ಎಂದೋ ಎಳೆದು ಹೊದಿಸಿರಬೇಕು. ಆ ದಿನ ಅಕ್ಕ ಹಿಡಿದುಕೊಂಡಿದ್ದ ಕೈ ಯಾರದೆಂದು ನನಗೆ ಗೊತ್ತಿಲ್ಲ.